ನಿದ್ದೆಯ ವಾಕಿಂಗು, ಒಂಟಿ ಆನೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಿದ್ದೆಗೋಸ್ಕರ ನಡೆಯಲು ಹೋಗಿ ಬೈಸಿಕೊಂಡು ಬಂದೆ. ರಾತ್ರಿ ಮಲಗಿದರೆ ನನಗೆ ಒಂದಲ್ಲ ಒಂದು ಯೋಚನೆ, ಕಣ್ಣು ಮುಚ್ಚುವುದೇ ಇಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ನಡೆದರೆ ರಾತ್ರಿ ನಿದ್ದೆ ತಾನಾಗಿ ಬರುತ್ತದೆ ಎಂದು ಶ್ರೀಮಂಗಲದ ಆಯುರ್ವೇದ ಡಾಕ್ಟರು ಹೇಳಿದ್ದರು. ಸರಿ, ಬೆಳಕು ಹರಿಯುವ ಮುಂಚೆ ಟಾರ್ಚ್ ಹಿಡಿದು ಎಸ್ಟೇಟ್ ರಸ್ತೆಯಲ್ಲಿ ಹೊರಟೆ. ತಿರುವಿನಲ್ಲಿ ಆನೆ ಕಾಯುವ ಫಾರೆಸ್ಟ್ ವಾಚರ್ ಪೊನ್ನಪ್ಪ ಅಡ್ಡ ನಿಂತ.

“ಎಂತ ಅಕ್ಕ, ಈ ಹೊತ್ತಿಗೆ ಎಲ್ಲಿಗೆ?”

“ನಿದ್ದೆ ಬರ್ಲಿ ಅಂತ ವಾಕಿಂಗು.”

“ನಿದ್ದೆ ಬೇಕಾದ್ರೆ ಮನೇಲಿ ಮಲಗಿ. ಮೇಲಿನ ತೋಟದಲ್ಲಿ ಒಂಟಿ ಆನೆ ಉಂಟು. ಅದು ಸಿಕ್ಕಿದ್ರೆ ಮತ್ತೆ ಏಳೋದೇ ಬೇಡ.”

ಟಾರ್ಚನ್ನು ಮನೆಯ ಕಡೆ ತಿರುಗಿಸಿದೆ. ಆದರೂ ಕೇಳದೆ ಇರಲು ಆಗಲಿಲ್ಲ.

“ಅದು ಯಾಕೆ ಇಷ್ಟು ಬೇಗ ಎದ್ದಿದೆ?”

“ಮಲಗಿದ್ರೆ ಅಲ್ವಾ ಏಳೋದು? ರಾತ್ರಿಯಿಡೀ ತಿನ್ನೋದು, ನಡೆಯೋದು. ನಿದ್ದೆ ಎಲ್ಲೋ ಸ್ವಲ್ಪ, ಅದೂ ನಿಂತ್ಕೊಂಡೇ.”

ಮನೆಗೆ ಬಂದಾಗಿನಿಂದ ಇದೇ ಯೋಚನೆ. ಸೊಪ್ಪು, ಹಣ್ಣು ತಿಂದುಕೊಂಡು, ಹೊಳೆಯಲ್ಲಿ ಸ್ನಾನ ಮಾಡಿಕೊಂಡು, ಕಾಫಿ ತೋಟದಲ್ಲೇ ತಿರುಗಿದರೂ ಒಂದು ಲೋಟ ಕಾಫಿ ಕುಡಿಯದ ಪ್ರಾಣಿಗೇ ನಿದ್ದೆ ಇಲ್ಲ ಎಂದ ಮೇಲೆ, ನಡೆದ ಮಾತ್ರಕ್ಕೆ ನನಗೆ ಹೇಗೆ ಬರುತ್ತದೆ? ಅದನ್ನು ನಾಳೆ ಡಾಕ್ಟರನ್ನೇ ಕೇಳುತ್ತೇನೆ. ಆನೆಗೆ ಅಂಥಾದ್ದು ಎಂತ ಚಿಂತೆ ಎಂದು ಯಾರನ್ನು ಕೇಳುವುದೋ ಗೊತ್ತಾಗುತ್ತಿಲ್ಲ.