ಬೀರುವಿನ ಬಲ್ಬು ಮತ್ತು ಹಳೆಯ ಗ್ರಾಫಿಕ್ಸ್ ಕಾರ್ಡು

2024ರ ಜುಲೈ. ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತೇಳು ವರ್ಷ ತುಂಬಿತ್ತು. ಎಸ್ಟೇಟ್ ಆಫೀಸುಗಳ ಪ್ರಿಂಟರು, ಸಿಡಿಲಿಗೆ ಸುಟ್ಟ ಮೋಡೆಮ್, ಹಲ್ಲಿ ಹೊಕ್ಕು ಶಾರ್ಟ್ ಆದ ಯುಪಿಎಸ್ಸು, ಇವೇ ನನ್ನ ದಿನನಿತ್ಯದ ರೋಗಿಗಳು. ಮನಸ್ಸು ಅಲ್ಲಾಡುವ ಕೇಸು ಈ ಕೆಲಸದಲ್ಲಿ ಅಪರೂಪ. ಅಂಥದೊಂದು ಬಂದಾಗಲೂ ನನ್ನ ಮನಸ್ಸು ಅಲ್ಲಾಡಲಿಲ್ಲ, ಮರಗಟ್ಟಿತು. ಇವತ್ತಿಗೂ ಅದು ಪೂರ್ತಿ ಬಿಟ್ಟಿಲ್ಲ.

ಆವತ್ತು ಬಂದವರು ಪಾಳ್ಯದ ಸಾವಿತ್ರಮ್ಮ ಮತ್ತು ಅವರ ಮಗಳು ಮೇಘ. ಸಾವಿತ್ರಮ್ಮನ ಗಂಡ ಲೋಕೇಶ್ ಮೇಷ್ಟ್ರು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವರು, ನನ್ನ ಹಳೆಯ ಗಿರಾಕಿ. 2004ರಲ್ಲಿ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಆಮೇಲೆ ಅಂಗಡಿಗೆ ಬಂದರೆ ಬೆರಳ ಗೆಣ್ಣಿನಿಂದ ಕೌಂಟರಿನ ಮೇಲೆ ಎರಡು ಸಲ ಬಡಿದು, ಬೇಕಾದ್ದನ್ನು ಚೀಟಿಯಲ್ಲಿ ಬರೆದು ಮುಂದಿಡುತ್ತಿದ್ದರು. ಹಿಂದಿನ ಡಿಸೆಂಬರಿನಲ್ಲಿ ತೀರಿಕೊಂಡರು. ಮೇಘ ಹುಟ್ಟಿದ್ದು ಆ ಆಪರೇಷನ್ನಿನ ಮರುವರ್ಷ.

"ಅಣ್ಣ, ಇವ್ಳು ಅವ್ರಪ್ಪನ ದನಿ ಕೇಳೇ ಇಲ್ಲ. ಮದ್ವೆ ಕ್ಯಾಸೆಟ್ಟಲ್ಲಿ ಬರೀ ಸಿನಿಮಾ ಹಾಡು ತುಂಬವ್ರೆ. ಇರೋದು ಆ ರೈಲಲ್ಲಿ ಮಾತ್ರ" ಎಂದರು ಸಾವಿತ್ರಮ್ಮ.

ರೈಲು ಎಂದರೆ ಮೇಷ್ಟ್ರು ಬರೆದ, ಒಂದು ಸಿಡಿಯಲ್ಲಿ ಉಳಿದಿದ್ದ ಪ್ರೋಗ್ರಾಂ. ಹಳಿ ಬದಲಿಸುವ ಕೆಲಸಕ್ಕೆಂದು ಘಾಟಿಯ ರೈಲು ನಿಂತುಹೋಗಿದ್ದ ಕಾಲದಲ್ಲಿ, ಶಾಲೆಯ ಮಕ್ಕಳಿಗೆ ತೋರಿಸಲು ಮಾಡಿದ್ದರು. ಸಕಲೇಶಪುರದಿಂದ ಎಡಕುಮೇರಿವರೆಗೆ ಕಂಪ್ಯೂಟರಿನಲ್ಲೇ ರೈಲು ಓಡಿಸಬಹುದು. ಪ್ರತಿ ಸ್ಟೇಷನ್ನಿನಲ್ಲೂ ಮೇಷ್ಟ್ರೇ ಮಾತಾಡುತ್ತಾರೆ. ಅವರು ದನಿಯ ಫೈಲುಗಳನ್ನೆಲ್ಲ ತಮ್ಮದೇ ರೀತಿಯಲ್ಲಿ ಒಂದರೊಳಗೆ ಮಡಿಸಿಟ್ಟಿದ್ದರು, ಬಿಡಿಸಲು ನನಗೆ ಬರಲಿಲ್ಲ. ಪ್ರೋಗ್ರಾಂ ಓಡಿದರೆ ಮಾತ್ರ ದನಿ. ಅದು ಓಡಲು ಆ ಕಾಲದ ಒಂದು 3ಡಿ ಆಕ್ಸಲರೇಟರ್ ಕಾರ್ಡೇ ಬೇಕು. ಅಂದರೆ ಮಾಮೂಲಿ ಚಿತ್ರದ ಕೆಲಸ ಬಿಟ್ಟು, ಗುಡ್ಡ, ಸುರಂಗದಂಥ ಮೂರು ಆಯಾಮದ ಚಿತ್ರ ಬಂದಾಗ ಮಾತ್ರ ದುಡಿಯುವ ಕಾರ್ಡು. ಕಾರ್ಡು ಇದೆ ಎಂದು ನಂಬಿಸುವ ಸಾಫ್ಟ್‌ವೇರ್ ಈಗ ಸಿಗುತ್ತದೆ. ಹಾಕಿ ನೋಡಿದೆ. ಮೇಷ್ಟ್ರ ಪ್ರೋಗ್ರಾಂ ನಂಬಲಿಲ್ಲ. ಪರದೆ ಕಪ್ಪಾಗಿ, ಹಾಗೇ ಮುಚ್ಚಿಕೊಂಡಿತು.

ಹಳೆಯ ಕಂಪ್ಯೂಟರ್ ಸಿಡಿಲಿಗೆ ಹೋಗಿದ್ದರೂ ಕಾರ್ಡನ್ನು ಮೇಷ್ಟ್ರು ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗೆ ನಲವತ್ತು ವಾಟಿನ ಬಲ್ಬು ಉರಿಸಿಡುವುದು ವಾಡಿಕೆ. ಅದರ ಕಾವಿಗೆ ರೇಷ್ಮೆ ಸೀರೆಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುವುದಿಲ್ಲ. ಸಾವಿತ್ರಮ್ಮ ಕಾರ್ಡನ್ನು ಬಟ್ಟೆಯಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಚಿಪ್ಪುಗಳ ಕಾಲುಗಳೆಲ್ಲ ಹಸಿರು ಕಿಲುಬು.

"ಒಂದ್ ಮಳೆಗಾಲನೂ ಬಲ್ಬ್ ಆರ್ಸಿಲ್ಲ ಕಣಣ್ಣ" ಎಂದರು.

"ಯಾವ ಬಲ್ಬಮ್ಮ?"

"ನೀವೇ ಹೇಳಿದ್ರಲ್ಲ, ಎಲ್‌ಇಡಿದು."

ಆಗ ನೆನಪಾಯಿತು. ಏಳೆಂಟು ವರ್ಷದ ಹಿಂದೆ, ಹಳೆಯ ಬಲ್ಬು ಅಂಗಡಿಗಳಲ್ಲಿ ಸಿಗದೆ, ಬೀರುವಿಗೆ ಹೊಸದು ಹಾಕಬಹುದೇ ಎಂದು ಇವರೇ ಬಂದು ಕೇಳಿದ್ದರು. ನಾನು ಸೋಲ್ಡರಿಂಗ್ ಮಾಡುತ್ತ, ತಲೆ ಎತ್ತದೆ, "ಧಾರಾಳವಾಗಿ ಹಾಕಿ, ಕರೆಂಟೂ ಉಳೀತದೆ" ಎಂದಿದ್ದೆ. ಎಲ್‌ಇಡಿ ಬೆಳಕು ಕೊಡುತ್ತದೆ, ಬೀರು ಒಣಗಿಸುವಷ್ಟು ಕಾವು ಕೊಡುವುದಿಲ್ಲ. ಅಷ್ಟು ವರ್ಷ ಆ ಹೆಂಗಸು ಶ್ರದ್ಧೆಯಿಂದ ಬೂಸ್ಟಿಗೆ ಬೆಳಕು ಹಿಡಿದಿದ್ದರು. ಹೇಳಿಬಿಟ್ಟೆ. ಸಾವಿತ್ರಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಕಾರ್ಡನ್ನು ನನ್ನ ಕಡೆ ಸರಿಸಿ, "ಆಗೋದಾದ್ರೆ ಮಾಡಿ" ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂಬತ್ತು ದಿನ ಹಿಡಿಯಿತು. ಹಲ್ಲುಜ್ಜುವ ಬ್ರಷ್ಷು, ಆಲ್ಕೋಹಾಲ್ ಹಿಡಿದು ಕಿಲುಬು ತೆಗೆದೆ. ಒಂದು ಮೆಮೊರಿ ಚಿಪ್ಪಿನ ಮೂರು ಕಾಲು ಉದುರಿಯೇ ಹೋದವು. ಕೂದಲೆಳೆಯಂಥ ತಂತಿ ಬೆಸೆದೆ. ಈಗಿನ ಮದರ್‌ಬೋರ್ಡಿನಲ್ಲಿ ಹಳೆಯ ಪಿಸಿಐ ಸ್ಲಾಟ್ ಇರುವುದಿಲ್ಲ, ಇರುವುದು ಪಿಸಿಐ ಎಕ್ಸ್‌ಪ್ರೆಸ್. ಎರಡನ್ನೂ ಹೊಂದಿಸುವ ಅಡಾಪ್ಟರ್ ತರಿಸಿದೆ. ಯಾರೋ ಹವ್ಯಾಸಿ ಹೊಸ ವಿಂಡೋಸಿಗೆಂದು ಬರೆದಿಟ್ಟ ಡ್ರೈವರ್ ಹಾಕಿದೆ. ಆ ಕಾರ್ಡಿಗೆ ಹೊಂದುವ, ಮೂಲೆ ಸೇರಿದ್ದ ಹಳೆಯ ವಿಜಿಎ ಮಾನಿಟರ್ ಒರೆಸಿ ತಂದೆ. ಆ ಒಂಬತ್ತು ದಿನ ಕೈ ತನ್ನ ಪಾಡಿಗೆ ದುಡಿಯುತ್ತಿತ್ತು, ಹೆಂಡತಿ ಊಟಕ್ಕೆ ಕರೆದರೆ ಹೋಗಿ ಉಂಡು ಬರುತ್ತಿದ್ದೆ. ಏನು ಉಂಡೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ತಾಯಿ, ಮಗಳು ಬಂದು ಕೂತರು. ಪ್ರೋಗ್ರಾಂ ಒತ್ತಿದೆ. ಕಾರ್ಡು ಉತ್ತರ ಕೊಟ್ಟಿತು, ಆದರೆ ಚಿತ್ರ ಬರಲಿಲ್ಲ. ಪರದೆ ತುಂಬ ನೇರಳೆ, ಹಸಿರು ಪಟ್ಟೆ. ಘಾಟಿಯಿಲ್ಲ, ಸೇತುವೆಯಿಲ್ಲ. ಆದರೂ ರೈಲಿನ ಸದ್ದು ಮಾತ್ರ ಓಡುತ್ತಿತ್ತು. ಮೇಘ ಮೊಬೈಲ್ ತೆಗೆದು ರೆಕಾರ್ಡಿಂಗಿಗೆ ಇಟ್ಟಳು. ಒಂದೆರಡು ನಿಮಿಷ ಬಿಟ್ಟು ಮೇಷ್ಟ್ರು ಮಾತಾಡಿದರು.

"ದೋಣಿಗಾಲ್ ಬಂತು ಕಣ್ರೋ. ಕಿಟಕಿಯಿಂದ ತಲೆ ಒಳಕ್ಕೆ ಹಾಕ್ರಿ."

ಸಾವಿತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಮೇಘನ ಮುಖ ನೋಡಿದೆ. ಅಲ್ಲೇನೂ ಇರಲಿಲ್ಲ.

"ಇದು ಅಪ್ಪಾನಾ?" ಎಂದಳು. "ಯಾರೋ ಬೇರೆಯವ್ರ ತರ ಐತೆ ಕಣಮ್ಮ."

ಹದಿನೆಂಟು ವರ್ಷ ದನಿಯಿಲ್ಲದ ಅಪ್ಪನ ಜೊತೆ ಬೆಳೆದ ಹುಡುಗಿಗೆ ಆ ದನಿ ಗುರುತು ಹತ್ತುವುದಾದರೂ ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ರೈಲು ಪಟ್ಟೆಗಳ ಹಿಂದೆ ಓಡುತ್ತಲೇ ಇತ್ತು. ಕಡಗರವಳ್ಳಿಯಲ್ಲೂ ಮೇಷ್ಟ್ರು ಏನೋ ತಮಾಷೆ ಹೇಳಿದರು. ಮೇಘ ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು.

ಎಡಕುಮೇರಿ ಕೊನೆಯ ಸ್ಟೇಷನ್. ಬ್ರೇಕಿನ ಸದ್ದು ಬಂತು. ರೈಲು ನಿಂತಿತು. ಆ ನಿಶ್ಶಬ್ದದಲ್ಲಿ, ಗಲಾಟೆ ಮಾಡುವ ಕ್ಲಾಸನ್ನು ಸುಮ್ಮನಾಗಿಸುವಂತೆ, ಮೇಷ್ಟ್ರು ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ಬಡಿದರು.

ಟಕ್, ಟಕ್.

"ಆಂ, ಬಂದೆ ಅಪ್ಪ" ಎಂದು ಮೇಘ ಕುರ್ಚಿಯಿಂದ ಅರ್ಧ ಎದ್ದಿದ್ದಳು.

ಆಮೇಲೆ ಮೇಷ್ಟ್ರು ಇನ್ನೂ ಏನೋ ಹೇಳಿದರು, ಅವಳ ಅಳುವಿನಲ್ಲಿ ನಮಗೆ ಕೇಳಲಿಲ್ಲ. ಮತ್ತೊಮ್ಮೆ ಹಾಕಲು ಹೋದಾಗ ಕಾರ್ಡು ಉತ್ತರ ಕೊಡಲಿಲ್ಲ. ಮೊಬೈಲಿನಲ್ಲಿ ಎಲ್ಲ ಉಳಿದಿದೆ.

ಈಗ ಗಿರಾಕಿ ಏನು ಕೇಳಿದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಮುಖ ನೋಡಿ, ಏತಕ್ಕೆ ಬೇಕು ಎಂದು ಮೊದಲು ವಿಚಾರಿಸುತ್ತೇನೆ. ಇಪ್ಪತ್ತೇಳು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಕೌಂಟರಿನ ಮೇಲೆ ಯಾರಾದರೂ ಎರಡು ಸಲ ಬಡಿದರೆ ಮಾತ್ರ, ಮುಖ ನೋಡುವ ಮೊದಲೇ ಚೀಟಿಗೆಂದು ಕೈ ಚಾಚುತ್ತೇನೆ.