ಯಾವ ‘ನಾವು’?

ಪುಣೆಗೆ ಬಂದ ಮೊದಲ ಭಾನುವಾರ ಮನೆಯೊಡತಿ ಆಜಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಛತ್ರಿ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಲ್ಲಿ ಅಜ್ಜಿಗೆ ಆಜಿ ಅನ್ನುತ್ತಾರೆ. ಎಲ್ಲಿಗೆ ಹೊರಟಿರಿ ಎಂದರೆ, ಪರ್ವತಿ ಗುಡ್ಡಕ್ಕೆ, ನೀನೇ ಕರೆದೆಯಲ್ಲ ಎಂದರು. ನಾನು ಕರೆದಿರಲಿಲ್ಲ. ಗೆಳತಿಯೊಂದಿಗೆ ಹೋಗುವ ಸುದ್ದಿಯನ್ನು ಹರಕುಮುರುಕು ಮರಾಠಿಯಲ್ಲಿ ಹೇಳಿದ್ದೆ, ಅಷ್ಟೇ.

ತಪ್ಪು ಒಂದೇ ಪದದ್ದು. ಮರಾಠಿಯಲ್ಲಿ ‘ನಾವು’ ಎರಡಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಆಪಣ’, ಹೊರಗಿಟ್ಟರೆ ‘ಆಮ್ಹಿ’. ನಮ್ಮೂರು ಬೈಲಹೊಂಗಲದ ಪೇಟೆಯಲ್ಲಿ ಕಿವಿಗೆ ಬಿದ್ದಷ್ಟೇ ಮರಾಠಿ ಕಲಿತ ನನಗೆ ಈ ಬೇಲಿ ಕಂಡಿರಲಿಲ್ಲ; ‘ಆಪಣ’ ಎಂದುಬಿಟ್ಟಿದ್ದೆ. ಆ ದಿನ ಮೂವರೂ ಗುಡ್ಡ ಹತ್ತಿದೆವು, ಆಜಿಯೇ ಮುಂದೆ.

ನಮ್ಮ ಕನ್ನಡದಲ್ಲಿ ಒಂದೇ ‘ನಾವು’. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದರ ಲಾಭ ಚೆನ್ನಾಗಿ ಪಡೆದಿದ್ದೇನೆ. ‘ಇದನ್ನು ನಾವು ಒಪ್ಪಬೇಕೇ?’ ಎಂದರೆ ಸಾಕು, ಎದುರಿಗೆ ಕೂತವರೆಲ್ಲ ನನ್ನ ಕಡೆಯವರು. ಮನೆಯಲ್ಲಿ ಅದೇ ಪದ ನನ್ನ ಮೇಲೆ ತಿರುಗುತ್ತಿತ್ತು. ನಾವು ಸೋಮವಾರ ಒಪ್ಪತ್ತು ಮಾಡುತ್ತೇವೆ, ನಾವು ಅಂಥವರ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಯಾರು ಈ ನಾವು, ನನ್ನನ್ನು ಯಾವಾಗ ಕೇಳಿದ್ದೀರಿ ಎಂದರೆ, ಇದು ಕಾಲೇಜಲ್ಲ ಎನ್ನುತ್ತಿದ್ದ ಅಪ್ಪ. ಪುಣೆಯ ಪ್ರಯೋಗಾಲಯದಲ್ಲಿ ಸಿಕ್ಕ ಕೆಲಸ ಒಂದು ನೆಪ; ನಾನು ದೂರ ಬಂದದ್ದು ಆ ಪದದಿಂದ. ಆಜಿ ಮಾಡುವ ಬೆಲ್ಲ ಹಾಕಿದ ಬೇಳೆಸಾರು, ಅವರ ಆಮಟಿ, ಗಂಟಲಲ್ಲಿ ಇಳಿಯದಿದ್ದರೂ ‘ಆಮ್ಹಿ’ ಮಾತ್ರ ರುಚಿಸಿತು. ಯಾರು ಒಳಗೆ, ಯಾರು ಹೊರಗೆ ಎಂಬುದು ಅದರಲ್ಲಿ ಸ್ಪಷ್ಟ.

ದೀಪಾವಳಿಯ ಹೊತ್ತಿಗೆ ಆಜಿಯ ಮನೆಗೆ ಅವ್ವನ ಫೋನು ಬಂತು. ಸವದತ್ತಿಯಲ್ಲಿ ನನಗೊಂದು ವರ ನೋಡಿದ್ದರು.

“ನಾವು ನೋಡಿ ಬಂದ್ವಿ. ನಾವು ಒಪ್ಪೇವಿ.”

“ಯಾವ ನಾವು, ಅವ್ವಾ? ಅದರಾಗ ನಾ ಅದೇನಿ ಏನ?”



“ನೀ ಇಲ್ಲದ ‘ನಾವು’ ನಾ ಯಾವಾಗ ಅಂದೇನಿ?”

ಹೊರಗೆ ನಿಂತು ಬೇಡವೆಂದರೆ ಅದು ನನ್ನೊಬ್ಬಳ ಹಟ. ಒಳಗೇ ಇದ್ದೇನೆ ಎನ್ನುವುದಾದರೆ?

“ಹಂಗಾರ ನಾವು ಇನ್ನೂ ಒಪ್ಪಿಲ್ಲ,” ಎಂದೆ.

ಹಿಂದೆ ನಿಂತಿದ್ದ ಅಪ್ಪನಿಗೆ ಅವ್ವ ಹೇಳಿದ್ದು ಕೇಳಿಸಿತು: “ನಾವಿನ್ನೂ ಒಪ್ಪಿಲ್ರಿ.” ‘ಅಕಿ ಒಪ್ಪಿಲ್ಲಂತ’ ಎನ್ನಲಿಲ್ಲ.

ಫೋನಿಟ್ಟ ಮೇಲೆ ಪಕ್ಕದಲ್ಲೇ ಕೂತಿದ್ದ ಆಜಿ ಏನಾಯಿತೆಂದು ಕೇಳಿದರು. ನಾವು ಇನ್ನೂ ಒಪ್ಪಿಲ್ಲ ಎಂದು ಮರಾಠಿಯಲ್ಲಿ ಹೇಳಬೇಕಿತ್ತು. ಒಂದು ಗಳಿಗೆ ತಡವರಿಸಿ ‘ಆಮ್ಹಿ’ ಎಂದೆ. ವ್ಯಾಕರಣದಲ್ಲಿ ಈ ಸಲ ತಪ್ಪಿರಲಿಲ್ಲ; ಪಕ್ಕದಲ್ಲೇ ಕೂತವರು ಮಾತ್ರ ಹೊರಗುಳಿದರು. ಆಜಿ ತಲೆಯಾಡಿಸಿ, ಎದ್ದು ಒಳಗೆ ಹೋದರು.