ಸುಂದರಣ್ಣ ಹೇಳಿದ್ದು, ನಾನು ಹೇಳಿದ್ದು

ಲಲಿತಕ್ಕ, ನಿಮ್ಮ ಗಂಡನ ಕೈಗೆ ಸಂಬಳ ಸಿಕ್ಕಿರಲಿಲ್ಲ. ಪ್ರತಿ ತಿಂಗಳೂ ಸಿಕ್ಕಿದೆ ಎಂದು ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. ಗೊತ್ತಿಲ್ಲದೆ ಹೇಳಿದ್ದಲ್ಲ — ಆ ಹಣವನ್ನು ಬ್ಯಾಂಕಿನಿಂದ ತೆಗೆದವನೇ ನಾನು.

ಇಲ್ಲಿ ಗಲ್ಫಿನ ಸಹಮ್ ಪೇಟೆಯ ಹೊರಗಿನ ಆ ತರಕಾರಿ ತೋಟದಲ್ಲಿ ನಾನು ಲೆಕ್ಕ ಬರೆಯುವವನಾಗಿದ್ದೆ. ಸುಂದರಣ್ಣನನ್ನು ಅಲ್ಲಿಗೆ ಕರೆಸಿದ್ದೂ ನಾನೇ — ಊರಿನ ಕ್ರಿಸ್ತುವರನ್ನು ಕರೆಯುವಂತೆ ನೀವಿಬ್ಬರೂ ಪೊರ್ಬುಗಳೇ ಎನ್ನುತ್ತಿದ್ದ ನಾನೇ. ರಜೆಗೆ ಊರಿಗೆ ಬಂದಾಗ ನಿಮ್ಮ ಮನೆಯಲ್ಲಿ ಕೂತು, ಸೌತೆಕಾಯಿ ಕೊಯ್ಯುವ ಕೆಲಸ, ಊಟ-ವಸತಿ ಅವರದ್ದೇ, ಎರಡು ವರ್ಷ ಕಳೆದದ್ದೇ ಗೊತ್ತಾಗದು ಎಂದಿದ್ದೆ. ನೀವು ನಂಬಿದ್ದು ತೋಟವನ್ನಲ್ಲ, ನನ್ನನ್ನು.

ಇಲ್ಲಿ ಕೆಲಸದವರ ಸಂಬಳವನ್ನು ಬ್ಯಾಂಕಿಗೇ ಹಾಕಬೇಕು, ಹಾಕಿದ್ದಕ್ಕೆ ದಾಖಲೆ ಇಟ್ಟಿರಬೇಕು. ನಾವು ಹಾಕುತ್ತಿದ್ದೆವು. ಆದರೆ ಅವರೆಲ್ಲರ ಎಟಿಎಂ ಕಾರ್ಡುಗಳು ನನ್ನ ಹತ್ತಿರ ಇರುತ್ತಿದ್ದವು, ಕಳೆದುಹೋಗಬಾರದು ಎಂಬ ನೆಪದಲ್ಲಿ. ಮೊದಮೊದಲು ಹಣ ತೆಗೆದು ಅವರವರ ಕೈಗೆ ಕೊಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಬೆಳೆ ಕೈಕೊಟ್ಟಿತು. ಕಫೀಲ್ — ನಮ್ಮೆಲ್ಲರ ವೀಸಾ ಕೈಯಲ್ಲಿಟ್ಟುಕೊಂಡಿದ್ದ ಯಜಮಾನ — ಈ ಸಲದ ಹಣ ತನಗೇ ತಂದುಕೊಡು ಎಂದ. ತಂದುಕೊಟ್ಟೆ. ಮರುತಿಂಗಳೂ. ಅದರ ಮರುತಿಂಗಳೂ... ಯಾರು ಬಂದು ನೋಡಿದರೂ ದಾಖಲೆಯಲ್ಲಿ ಒಂದು ತಪ್ಪು ಸಿಗುತ್ತಿರಲಿಲ್ಲ. ಅಷ್ಟು ಚೊಕ್ಕವಾಗಿ ಇಟ್ಟಿದ್ದೆ.

ಉಳಿದವರು ಸುಮ್ಮನಿದ್ದರು. ಸುಂದರಣ್ಣ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟರು.

ವಿಚಾರಣೆಗೆ ತೋಟದ ಪರವಾಗಿ ಹೋದವನು ನಾನು. ಸುಂದರಣ್ಣನಿಗೆ ಅರಬ್ಬಿ ಬಾರದು; ಅವರ ಮಾತನ್ನು ಅಧಿಕಾರಿಗೆ ತಿಳಿಸುವ ಕೆಲಸವೂ ನನಗೇ ಬಿತ್ತು. ಅಧಿಕಾರಿ ಬ್ಯಾಂಕಿನ ಕಾಗದಗಳನ್ನು ತಿರುವಿ ನೋಡಿ, ಸಂಬಳ ಬಂದಿದೆಯಲ್ಲ, ಇವನಿಗೆ ಏನು ಹೇಳುವುದಿದೆ ಎಂದು ಕೇಳಿದರು. ಸುಂದರಣ್ಣ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಲಲಿತಕ್ಕ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ.

"ಕಾರ್ಡ್ ನಿಮ್ಮ ಹತ್ರವೇ ಉಂಟಲ್ಲ ಪೊರ್ಬುಗಳೇ. ಅದೊಂದು ಹೇಳಿ ಅವರಿಗೆ. ಬೇರೆ ಏನೂ ಬೇಡ."

ಏನಂತೆ, ಎಂದರು ಅಧಿಕಾರಿ.

"ತಪ್ಪಾಯಿತು, ಕ್ಷಮಿಸಿ ಅನ್ನುತ್ತಿದ್ದಾನೆ" ಎಂದೆ.

ಅಧಿಕಾರಿ ತಲೆಯಾಡಿಸಿ ದೂರನ್ನು ಮುಗಿಸಿದರು. ಸುಂದರಣ್ಣನಿಗೆ ಕೆಲಸ ಆಯಿತು ಎಂದೇ ಅನ್ನಿಸಿರಬೇಕು — ಅವರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಅಧಿಕಾರಿಗೆ ವಂದಿಸಿದರು. ಆಗ ನಾನು ಹೆದರಿದ್ದೆ ಎಂದು ಇಲ್ಲಿ ಬರೆದಿದ್ದೆ. ಹೊಡೆದುಹಾಕಿದೆ. ಹೆದರದವರು ಯಾರಿದ್ದರು ಅಲ್ಲಿ?

ಅದೇ ವಾರ ನೀವು ಫೋನ್ ಮಾಡಿದಿರಿ. "ಮಗಳ ಕಾಲೇಜಿಗೆ ಕಟ್ಟಲಿಕ್ಕೆ ಉಂಟು, ಇವರು ಒಂದು ರೂಪಾಯಿ ಕಳಿಸ್ಲಿಲ್ಲ, ಕೇಳಿದ್ರೆ ಸಂಬಳ ಆಗ್ಲಿಲ್ಲ ಅಂತಾರೆ. ಹೌದಾ?" ಸಂಬಳ ಪ್ರತಿ ತಿಂಗಳೂ ಆಗಿದೆ ಎಂದೆ. ನೀವು ದನಿ ತಗ್ಗಿಸಿ ಕೇಳಿದಿರಿ — "ಅಲ್ಲಿ ಅವರಿಗೆ ಬೇರೆ ಯಾರಾದ್ರೂ ಇದ್ದಾರಾ?"

ಇಲ್ಲ ಎನ್ನಬೇಕಿತ್ತು. ಎರಡಕ್ಷರದ ಮಾತು. ನಾನು ಸುಮ್ಮನಿದ್ದೆ.

ಆಮೇಲೂ ಸಂಬಳ ಕೈಗೆ ಬಾರದಾಗ ಸುಂದರಣ್ಣ ತೋಟ ಬಿಟ್ಟರು. ಓಡಿಹೋದ ಆಳು ಎಂದು ಕಫೀಲ್ ದೂರು ಬರೆಸಿದ, ಬರೆದುಕೊಟ್ಟವನು ನಾನೇ. ನಿಜ್ವಾ ಎಂಬ ಊರಿನ ಕಡೆಯ ಖರ್ಜೂರದ ತೋಟಗಳಲ್ಲಿ ಅವರು ಕಾಗದಪತ್ರವಿಲ್ಲದೆ ದುಡಿದರು. ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲಲ್ಲಿ ಗೊನೆ ಇಳಿಸುತ್ತಿದ್ದವರು ಕುಸಿದುಬಿದ್ದರಂತೆ. ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು.

ದೇಹವನ್ನು ಊರಿಗೆ ಕಳಿಸಬೇಕೇ ಎಂದು ನಿಮ್ಮನ್ನು ಕೇಳಿದವನೂ ನಾನು. "ಬೇಡ. ಅಲ್ಲೇ ಮಾಡಿ" ಎಂದಿರಿ. ನಿಮ್ಮನ್ನು ಕಲ್ಲೆದೆಯವಳು ಎಂದು ಊರವರು ಆಡಿಕೊಂಡರಂತೆ. ಆ ಕಲ್ಲನ್ನು ಅಲ್ಲಿ ಇಟ್ಟವನು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಸೋಹಾರ್‌ನಲ್ಲಿ ಹಿಂದೂಗಳಿಗಿರುವ ಸ್ಮಶಾನದಲ್ಲಿ ಚಿತೆಗೆ ಬೆಂಕಿಯಿಡಲು ಮನೆಯವರೆಂದು ಯಾರೂ ಇರಲಿಲ್ಲ. ಪುರೋಹಿತರು ನನ್ನನ್ನೇ ಕರೆದರು. ನಾನು ಇಗರ್ಜಿಗೆ ಹೋಗುವವನು, ಆದರೂ ಮುಂದೆ ಹೋಗಿ ಬೆಂಕಿಯಿಟ್ಟೆ. ಎಷ್ಟು ಒಳ್ಳೆಯ ಮನುಷ್ಯ ಎಂದು ಪಕ್ಕದವರು ಹೇಳುವುದು ಕೇಳಿಸಿತು. ನೀವೂ ಫೋನಿನಲ್ಲಿ, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದಿರಿ. ನಾನು... ಇರಲಿ ಎಂದೆ.

ಹೋದ ತಿಂಗಳು ಕೆಲಸ ಬಿಟ್ಟೆ. ಈ ಕಾಗದದಲ್ಲಿ ಬರೆದದ್ದನ್ನೆಲ್ಲ ಅದೇ ಕಾರ್ಮಿಕ ಇಲಾಖೆಯಲ್ಲಿ ಹೇಳಿ ಸಹಿ ಹಾಕಿ ಬಂದಿದ್ದೇನೆ. ಅದರಿಂದ ಏನಾಗುವುದೋ ತಿಳಿಯದು. ಸುಂದರಣ್ಣನಿಗಂತೂ ಏನೂ ಆಗುವುದಿಲ್ಲ.

ಒಂದು ಮಾತು ಉಳಿದಿದೆ. ನಿಜ್ವಾ ಕಡೆಗೆ ಹೋಗುವ ಮೊದಲು ಅವರು ನನ್ನ ಕೋಣೆಗೆ ಬಂದಿದ್ದರು. ಅಧಿಕಾರಿಗೆ ನಾನು ಏನೆಂದೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹಣ ನುಂಗಿದವನು ಕಫೀಲ್ ಒಬ್ಬನೇ ಎಂದುಕೊಂಡಿದ್ದರು; ನನ್ನ ಮೇಲೆ ನಂಬಿಕೆ ಇನ್ನೂ ಇತ್ತು. ಬಾಗಿಲಲ್ಲೇ ನಿಂತು ಹೇಳಿದರು: "ಲಲಿತ ನನ್ನ ಫೋನ್ ತೆಗಿತಾ ಇಲ್ಲ. ನೀವು ಹೇಳಿದ್ರೆ ನಂಬ್ತಾಳೆ. ನಾನು ಅಂಥವನಲ್ಲ ಅಂತ ಒಂದು ಮಾತು ಹೇಳ್ತೀರಾ?"

ಹೇಳುತ್ತೇನೆ ಎಂದಿದ್ದೆ.

ಅವರು ಅಂಥವರಲ್ಲ, ಲಲಿತಕ್ಕ.